ಗೋಂದಪ್ಪನ ಕೆನ್ನೆ

ಹಲ್ಲು ನೋವು ಬಂದವನು ಎಲ್ಲಿ ಬೇಕಾದರೂ ಕೂತು ನರಳಬಹುದು, ಕ್ಯಾಮೆರಾ ಇರುವ ಕಡೆ ಮಾತ್ರ ಕೂರಬಾರದು. ಇಷ್ಟು ಸಣ್ಣ ವಿಷಯ ಗೋಂದಪ್ಪನಿಗೆ ಗೊತ್ತಿರಲಿಲ್ಲ. ಹತ್ತು ದಿನದ ಹಿಂದೆ, ಮೋಡ ಕವಿದ ಒಂದು ಮಧ್ಯಾಹ್ನ, ಅವನು ವಿಶ್ವವಿದ್ಯಾಲಯದ ಗ್ರಂಥಾಲಯದ ಮೆಟ್ಟಿಲ ಮೇಲೆ ಕೂತು, ಬಲಗೆನ್ನೆಯನ್ನು ಅಂಗೈಯಲ್ಲಿ ಒತ್ತಿ ಹಿಡಿದು, ಕಣ್ಣು ಅರೆಮುಚ್ಚಿ, ಬಾಯಲ್ಲಿಟ್ಟ ಲವಂಗದ ರಸ ಹಲ್ಲಿನ ಬುಡಕ್ಕೆ ಇಳಿಯಲೆಂದು ಕಾಯುತ್ತಿದ್ದ. ಎದುರಿನ ಮರದ ಕೆಳಗೆ ಒಬ್ಬಳು ಹುಡುಗಿ ನಿಂತಿದ್ದಳು. ಏನೋ ‘ಕ್ಲಿಕ್’ ಎಂದಿತು. ತನ್ನ ಹಲ್ಲೇ ಇರಬೇಕು ಎಂದುಕೊಂಡು ಅವನು ಎದ್ದು ಕೆಲಸಕ್ಕೆ ಹೋದ.

ಕೆಲಸವೆಂದರೆ ಪುಸ್ತಕ ಕಟ್ಟುವುದು. ಗ್ರಂಥಾಲಯದ ನೆಲಮಾಳಿಗೆಯಲ್ಲಿ ಕಿಟಕಿಯಿಲ್ಲದ ಒಂದು ಕೋಣೆ, ಸದಾ ಉರಿಯುವ ಒಂದು ಬಲ್ಬು, ಒಂದು ಡಬ್ಬ ಗೋಂದು, ಬೆನ್ನು ಮುರಿದ ಪುಸ್ತಕಗಳ ರಾಶಿ. ಹದಿನಾಲ್ಕು ವರ್ಷಗಳಿಂದ ಅವನು ಅವುಗಳಿಗೆ ದಾರ ಹೊಲಿದು, ರಟ್ಟು ಹಾಕಿ, ಮೇಲಕ್ಕೆ ಕಳಿಸುತ್ತಿದ್ದ. ಅಪ್ಪ ಅಮ್ಮ ಇಟ್ಟ ಹೆಸರು ಹಾಜರಿ ಪುಸ್ತಕದಲ್ಲಿ ಉಳಿದು, ಜನರ ಬಾಯಲ್ಲಿ ಗೋಂದಪ್ಪ ಎಂದೇ ಆಗಿತ್ತು. ಅವನು ಅಂಟಿಸಿದ್ದು ಯಾವುದೂ ಬಿಟ್ಟುಕೊಂಡಿದ್ದಿಲ್ಲ. ಅವನ ನೌಕರಿ ಮಾತ್ರ ಹದಿನಾಲ್ಕು ವರ್ಷವಾದರೂ ಅಂಟಿಕೊಂಡಿರಲಿಲ್ಲ. ಪ್ರತಿ ವರ್ಷ ಒಂದು ತಾತ್ಕಾಲಿಕ ಆದೇಶ, ಪ್ರತಿ ವರ್ಷ ಅದರ ಕೊನೆಯ ತಿಂಗಳು ಒಂದು ನಿದ್ದೆಗೇಡು.

ಈ ವರ್ಷ ಹೇಗೋ ಕೆಲಸ ಕಾಯಂ ಮಾಡುವ ಫೈಲು ಗ್ರಂಥಪಾಲಕರ ಶಿಫಾರಸು ಪಡೆದು, ಹತ್ತು ಮೇಜು ದಾಟಿ, ರಿಜಿಸ್ಟ್ರಾರ್ ಸಾಹೇಬರ ಮೇಜಿಗೆ ಬಂದಿತ್ತು. ಇವತ್ತು ಸಹಿ. ಇವತ್ತೇ ಸಂಜೆ ನಾಲ್ಕೂವರೆಗೆ ಹಲ್ಲು ಕೀಳುವ ಸರದಿಯೂ ಸಿಕ್ಕಿತ್ತು. ವಿಶ್ವವಿದ್ಯಾಲಯದ ದಂತ ಆಸ್ಪತ್ರೆಯಲ್ಲಿ ಒಂದು ಸರದಿ ತಪ್ಪಿದರೆ ಮತ್ತೊಂದಕ್ಕೆ ಒಂದೂವರೆ ತಿಂಗಳು ಕಾಯಬೇಕು.

“ಸಂಜೆವರೆಗೆ ತಾನೇ? ಹಲ್ಲು ಕಚ್ಚಿಕೊಂಡು ಸಹಿಸಿಕೊಳ್ಳಿ,” ಎಂದಳು ಹೆಂಡತಿ, ಬೆಳಿಗ್ಗೆ ಉಪ್ಪುನೀರು ಕೊಡುತ್ತಾ.

“ಕಚ್ಚೋಕೆ ಆಗಿದ್ರೆ ಆಸ್ಪತ್ರೆಗೆ ಯಾಕೆ ಹೋಗ್ತಿದ್ದೆ ಕಣೇ?”

“ನಾಲ್ಕು ಗಂಟೆಗೆ ನಾನೂ ಬರ್ತೀನಿ. ಒಬ್ಬರೇ ಹೋದ್ರೆ ಬಾಗಿಲ ತನಕ ಹೋಗಿ, ಹೆದರಿಕೊಂಡು ವಾಪಸ್ ಬರ್ತೀರ. ನಿಮ್ಮನ್ನ ನಾನು ಕಾಣದವಳಾ?”

ಹೊರಗೆ ಆಕಾಶ ತೊಳೆಯದ ಪಾತ್ರೆಯ ತಳದ ಹಾಗೆ ಕಪ್ಪಿಟ್ಟಿತ್ತು. ಗೋಂದಪ್ಪ ಕಿವಿಗೂ ಗಲ್ಲಕ್ಕೂ ಸೇರಿಸಿ ಒಂದು ಮಫ್ಲರ್ ಸುತ್ತಿಕೊಂಡು ಹೊರಟ.

ವಿಶ್ವವಿದ್ಯಾಲಯದ ಗೇಟಿನಲ್ಲಿ ಕಾವಲುಗಾರ ಅವನನ್ನು ನೋಡಿ ನಕ್ಕ. “ಬಾರಯ್ಯ ಬಾ. ಕೆಳಗೊಬ್ಬ ಗೋಂದಪ್ಪ, ಮೇಲೊಬ್ಬ ಗೋಂದಪ್ಪ. ಯಾರನ್ನ ಒಳಗೆ ಬಿಡ್ಲಿ?”

ಗೋಂದಪ್ಪ ತಲೆ ಎತ್ತಿದ. ಗೇಟಿನ ಕಮಾನಿಗೆ ಎರಡಾಳುದ್ದದ ಬಟ್ಟೆ ಕಟ್ಟಿದ್ದರು. ‘ಬಹುಸಂಸ್ಕೃತಿ ಕಲೆ ಮತ್ತು ಸಾಮಾಜಿಕ ನ್ಯಾಯ ಸಪ್ತಾಹ’ ಎಂದು ಮೇಲೆ. ಕೆಳಗೆ ಅವನ ಮುಖ. ಕೆನ್ನೆಗೆ ಕೈ, ಅರೆಮುಚ್ಚಿದ ಕಣ್ಣು, ಲೋಕದ ದುಃಖವನ್ನೆಲ್ಲ ಒಂದೇ ದವಡೆಯಲ್ಲಿ ಹಿಡಿದಿಟ್ಟುಕೊಂಡಂಥ ಬಾಯಿ. ಮುಖದ ಕೆಳಗೆ ಕೆಂಪಕ್ಷರದಲ್ಲಿ ಬರೆದಿತ್ತು: ‘ಈ ಮೌನಕ್ಕೆ ಹೊಣೆ ಯಾರು?’ ಚಿತ್ರದಲ್ಲಿ ಅವನ ಕಿವಿಯ ಪಕ್ಕಕ್ಕೇ ಗ್ರಂಥಾಲಯದ ಗೋಡೆಯ ಫಲಕ ಸ್ಪಷ್ಟವಾಗಿ ಕಾಣುತ್ತಿತ್ತು. ಅದರ ಮೇಲೆ ‘ಗ್ರಂಥಪಾಲಕರ ಕಚೇರಿ’ ಎಂದಿದ್ದು, ಒಂದು ಬಾಣದ ಗುರುತೂ ಇತ್ತು.

“ಯಾರಯ್ಯ ಹೊಣೆ?” ಕಾವಲುಗಾರ ಹತ್ತಿರ ಬಂದು ಪಿಸುಗುಟ್ಟಿದ.

“ಹಲ್ಲು.”

“ಅಯ್ಯೋ, ನನ್ನ ಹತ್ರ ಹೇಳೋಕೇನು? ಯಾರಿಗೂ ಬಾಯಿ ಬಿಡಲ್ಲ.”

ಜರಡಿಯೂ ನೀರಿಗೆ ಇದೇ ಮಾತು ಕೊಟ್ಟಿರಬೇಕು. ಗೋಂದಪ್ಪ ಒಳಗೆ ನಡೆದ.

ನೆಲಮಾಳಿಗೆಯ ಬಾಗಿಲಲ್ಲಿ ಗ್ರಂಥಪಾಲಕರು ನಿಂತಿದ್ದರು. ಹದಿನಾಲ್ಕು ವರ್ಷದಲ್ಲಿ ಅವರು ಆ ಮೆಟ್ಟಿಲು ಇಳಿದದ್ದು ಇದೇ ಮೊದಲು. ಸಣಕಲು ಮನುಷ್ಯ, ಸಿಟ್ಟು ಬಂದರೆ ಕನ್ನಡಕ ಮೊದಲು ನಡುಗುತ್ತಿತ್ತು, ಆಮೇಲೆ ಅವರು.

“ಹೊಣೆ ಯಾರು ಅಂತ ಕೇಳಿದ್ದೀಯ. ಪಕ್ಕದಲ್ಲಿ ನನ್ನ ಬೋರ್ಡು. ಬಾಣ ಬೇರೆ!”

“ನಾನು ಕೇಳಿಲ್ಲ ಸಾರ್. ನನಗೆ ಹಲ್ಲು ನೋವು.”

“ಒಂದು ದಿನ ನಿನ್ನ ಬೈದಿದ್ದೀನೇನಯ್ಯ ನಾನು?”

“ಬೈದಿದ್ದೀರಿ ಸಾರ್, ಆದ್ರೆ...”

“ನೋಡಿದ್ಯಾ? ಎಲ್ಲಾ ನೆನಪಿಟ್ಟುಕೊಂಡಿದ್ದೀಯ!” ಗ್ರಂಥಪಾಲಕರು ಕನ್ನಡಕ ಹಿಡಿದುಕೊಂಡರು. “ನಿನ್ನ ಫೈಲಿಗೆ ಶಿಫಾರಸು ಬರೆದವನು ನಾನು. ಆ ಚಿತ್ರ ಇಳಿಯದಿದ್ರೆ ಆ ಶಿಫಾರಸೂ ಇಳಿಯುತ್ತೆ. ತಿಳೀತಾ?”

ತಿಳಿಯಿತು. ಗೋಂದಪ್ಪ ಗೋಂದಿನ ಡಬ್ಬದ ಮುಚ್ಚಳವನ್ನೂ ತೆಗೆಯದೆ ಮೇಲೆ ಹತ್ತಿದ.

ನಡು ಅಂಗಳದ ತುಂಬ ಡೇರೆಗಳು. ಒಂದರಲ್ಲಿ ಮುಖವಾಡ, ಒಂದರಲ್ಲಿ ನೇಯ್ಗೆ, ಒಂದರಲ್ಲಿ ಕಣ್ಣೀರು ತರಿಸುವ ಚಿತ್ರಗಳು. ನಡುವೆ ಹತ್ತಾರು ದೇಶದ ವಿದ್ಯಾರ್ಥಿಗಳ ಡೋಲಿನ ತಂಡ. ಡೋಲಿನ ಒಂದೊಂದು ಪೆಟ್ಟೂ ನೆಟ್ಟಗೆ ಬಂದು ಗೋಂದಪ್ಪನ ಹಲ್ಲಿನ ಬುಡಕ್ಕೆ ಬೀಳುತ್ತಿತ್ತು. ಸಪ್ತಾಹದ ಕಾರ್ಯದರ್ಶಿ ಯಾರೆಂದು ಕೇಳುವಷ್ಟರಲ್ಲಿ ಉದ್ದನೆಯ ಹಳದಿ ಸ್ಕಾರ್ಫಿನ ಹುಡುಗಿಯೊಬ್ಬಳು ಓಡಿಬಂದಳು. ಮರದ ಕೆಳಗೆ ನಿಂತಿದ್ದವಳು ಅವಳೇ.

“ಅಣ್ಣಾ! ನೀವೇ ಬಂದ್ರಾ!”

“ಆ ಚಿತ್ರ ಇಳಿಸಮ್ಮ, ನಿನ್ನ ದಮ್ಮಯ್ಯ.”

ಹುಡುಗಿಯ ಮುಖ ಬಿಗಿಯಿತು. “ಯಾರೋ ಹೆದರಿಸಿದ್ದಾರೆ ನಿಮ್ಮನ್ನ.”

“ಯಾರೂ ಹೆದರಿಸಿಲ್ಲ. ಗ್ರಂಥಪಾಲಕರು ಇಳಿಸೋಕೆ ಹೇಳು ಅಂದ್ರು, ಅಷ್ಟೇ.”

ಅವಳು ಹಿಂದೆ ತಿರುಗಿ ಗೆಳೆಯರನ್ನು ನೋಡಿದಳು. ಅವರು ಅವಳನ್ನು ನೋಡಿದರು. ಎಲ್ಲರೂ ಒಟ್ಟಿಗೆ ನಿಟ್ಟುಸಿರುಬಿಟ್ಟರು. ಆಮೇಲೆ ಅವನನ್ನು ಕೈಹಿಡಿದು ಕರೆದುಕೊಂಡು ಹೋಗಿ ಒಂದು ಕುರ್ಚಿಯ ಮೇಲೆ ಕೂರಿಸಿದರು. ಹುಡುಗಿ ಅವನ ಕಾಲ ಬಳಿ ನೆಲದ ಮೇಲೆಯೇ ಕೂತಳು.

“ಹೇಳಿ ಅಣ್ಣ. ಏನು ನಿಮ್ಮ ನೋವು?”

“ಹಲ್ಲು ನೋವಮ್ಮ.”

ಅವಳ ಕಣ್ಣು ತುಂಬಿಕೊಂಡಿತು. “ಬರ್ಕೊಳ್ಳೋ,” ಎಂದಳು ಪಕ್ಕದ ನೋಟುಬುಕ್ಕಿನವನಿಗೆ. “ಹಲ್ಲು ಕಚ್ಚಿಕೊಂಡು ಬದುಕಿದ್ದೀನಿ ಅಂತಿದ್ದಾರೆ.”

ಇದನ್ನು ತಿದ್ದಬೇಕೆಂದು ಗೋಂದಪ್ಪ ಬಾಯಿ ತೆರೆದ. ಆದರೆ ಆ ವಿಶ್ವವಿದ್ಯಾಲಯದಲ್ಲಿ ಅವನಿಗೆ ಯಾರಾದರೂ ಕುರ್ಚಿ ಕೊಟ್ಟದ್ದು ಅದೇ ಮೊದಲು. ಹೇಳಿ ಎಂದು ಎದುರು ಕೂತದ್ದೂ ಅದೇ ಮೊದಲು. ಅವನಿಗೆ ಎದೆಯಲ್ಲಿ ಏನೋ ಸಡಿಲವಾದಂತಾಯಿತು. ಹಲ್ಲಿನ ಮಾತು ಬಿಟ್ಟು ಬೇರೆಯೇ ಮಾತು ಬಂತು.

“ಹದಿನಾಲ್ಕು ವರ್ಷ ಆಯ್ತಮ್ಮ. ಇನ್ನೂ ಕೆಲಸ ಕಾಯಂ ಆಗಿಲ್ಲ. ಪ್ರತಿ ವರ್ಷ ಆದೇಶ ಮುಗಿಯೋ ಹೊತ್ತಿಗೆ ರಾತ್ರಿ ನಿದ್ದೆ ಬರಲ್ಲ. ನನ್ನ ಹೆಂಡತಿ ನಿದ್ದೆ ಬಂದವಳ ಹಾಗೆ ಮಲಗಿರ್ತಾಳೆ. ಅವಳಿಗೂ ಬಂದಿರಲ್ಲ ಅಂತ ನನಗೆ ಗೊತ್ತು...”

ನೋಟುಬುಕ್ಕಿನವನ ಪೆನ್ನು ನಿಂತಿತು. ಹುಡುಗಿ ಮೆಲ್ಲಗೆ ಅವನ ಮೊಣಕಾಲು ತಟ್ಟಿದಳು. “ಅದು ಆಡಳಿತದ ವಿಷಯ ಅಣ್ಣ, ಅದಕ್ಕೆ ಬೇರೆ ಅರ್ಜಿ ಇರುತ್ತೆ. ನಾವು ಕೇಳ್ತಿರೋದು ನಿಮ್ಮ ನೋವನ್ನ.”

ಗೋಂದಪ್ಪ ಬಾಯಿ ಮುಚ್ಚಿದ.

ಅಷ್ಟರಲ್ಲಿ ಸಮಾಜಶಾಸ್ತ್ರದ ಮೇಷ್ಟ್ರು ಬಂದರು. ಗಡ್ಡ ನೀವಿಕೊಳ್ಳುತ್ತಾ, ಡೇರೆಗೂ ಕಟ್ಟಿದ್ದ ಗೋಂದಪ್ಪನ ಅದೇ ಚಿತ್ರ ನೋಡಿದರು, ಗೋಂದಪ್ಪನನ್ನು ನೋಡಲಿಲ್ಲ. “ಕೈ ಎಲ್ಲಿದೆ ಗಮನಿಸಿ. ಕೆನ್ನೆ ಮೇಲೆ. ಮನುಷ್ಯನ ಕೈ ಕೆನ್ನೆಗೆ ಯಾವಾಗ ಹೋಗುತ್ತೆ?”

“ಹಲ್ಲು ನೋವು ಬಂದಾಗ ಸಾರ್,” ಎಂದ ಗೋಂದಪ್ಪ.

“ಏಟು ಬಿದ್ದಾಗ,” ಎಂದರು ಮೇಷ್ಟ್ರು.

“ನನಗೆ ಯಾರೂ ಹೊಡೆದಿಲ್ಲ ಸಾರ್!”

“ಏಟು ತಿಂದವರು ಮೊದಲು ಹೇಳೋ ಮಾತೇ ಅದು,” ಎಂದು ಮೇಷ್ಟ್ರು ಎಲ್ಲರ ಕಡೆ ತಿರುಗಿ ತಲೆಯಾಡಿಸಿದರು.

ಹನ್ನೊಂದು ಗಂಟೆಗೆ ಗೋಂದಪ್ಪನಿಗೆ ಯಾರೋ ಕಪಾಳಕ್ಕೆ ಬಾರಿಸಿದ್ದರು. ಹನ್ನೆರಡಕ್ಕೆ ಬಾರಿಸಿದವರು ಗ್ರಂಥಪಾಲಕರೇ ಎಂದು ಖಚಿತವಾಯಿತು. ಗೇಟಿನ ಕಾವಲುಗಾರ ಕಣ್ಣಾರೆ ಕಂಡಿದ್ದನಂತೆ. ಒಂದು ಗಂಟೆಯ ಹೊತ್ತಿಗೆ ಏಟಿಗೆ ನಿಘಂಟೂ ಸೇರಿಕೊಂಡಿತು. ಅದೂ ದೊಡ್ಡ ನಿಘಂಟು, ಎರಡನೆಯ ಸಂಪುಟ.

ಮರುಕ ಪಟ್ಟವರು ಬರಿಗೈಯಲ್ಲಿ ಬರಲಿಲ್ಲ. ಬಿಸಿ ಚಹಾ ಬಂತು, ತಣ್ಣನೆಯ ಶರಬತ್ತು ಬಂತು, ಸಕ್ಕರೆ ಸುರಿದ ತಿಂಡಿ ಬಂತು. ಬೇಡ ಎಂದರೆ ಸ್ವಾಭಿಮಾನಿ ಎಂದು ಹೊಗಳಿ ಇನ್ನಷ್ಟು ತಂದರು. ಒಂದೊಂದು ಗುಟುಕಿಗೂ ಹಲ್ಲು ಹೊಸದಾಗಿ ಹುಟ್ಟಿದ ಹಾಗೆ ಎದ್ದು ಕೂರುತ್ತಿತ್ತು. ದೂರದೇಶದ ನೃತ್ಯ ತಂಡದ ಮುದುಕಿಯೊಬ್ಬಳಿಗೆ ಇವನ ಕತೆಯನ್ನು ಯಾರೋ ಅವಳ ಭಾಷೆಯಲ್ಲಿ ಹೇಳಿದರು. ಆಕೆ ಬಿಕ್ಕುತ್ತಾ ಬಂದು, ಅವನ ಎರಡೂ ಕೆನ್ನೆಗಳನ್ನು ತನ್ನ ಗಟ್ಟಿಮುಟ್ಟಾದ ಅಂಗೈಗಳಲ್ಲಿ ಹಿಡಿದು, ಕರುಣೆಯಿಂದ ಬಲವಾಗಿ ಒತ್ತಿದಳು. ಗೋಂದಪ್ಪನಿಗೆ ಹಗಲಲ್ಲೇ ನಕ್ಷತ್ರ ಕಂಡವು. ಕಣ್ಣಲ್ಲಿ ನೀರು ಧಾರೆಯಾಗಿ ಇಳಿಯಿತು. ನಾಲ್ಕು ಕ್ಯಾಮೆರಾಗಳು ಒಟ್ಟಿಗೆ ಕ್ಲಿಕ್ ಎಂದವು.

ಎರಡು ಗಂಟೆಗೆ ರಿಜಿಸ್ಟ್ರಾರ್ ಸಾಹೇಬರಿಂದ ಕರೆ ಬಂತು.

ಸಾಹೇಬರು ದುಂಡಗೆ, ಮೆತ್ತಗೆ ಇದ್ದರು. ಮೇಜಿನ ಮೇಲೆ ಗೋಂದಪ್ಪನ ಫೈಲು ತೆರೆದಿತ್ತು. “ನಿಜ ಹೇಳು. ಯಾರು ಹೊಡೆದ್ರು?”

“ಯಾರೂ ಇಲ್ಲ ಸಾರ್. ಹಲ್ಲು ನೋವು. ಕೊನೇ ದವಡೆ ಹಲ್ಲು.”

“ಹಲ್ಲಾ?” ಸಾಹೇಬರ ಮುಖ ಅರಳಿತು. “ಬರೀ ಹಲ್ಲಾ?”

“ಬರೀ ಹಲ್ಲು ಸಾರ್.”

ಅಷ್ಟು ಹೊತ್ತಿನಲ್ಲಿ ಅವನನ್ನು ನಂಬಿದ ಮೊದಲ ಮನುಷ್ಯ ಅವರು. ಗೋಂದಪ್ಪನಿಗೆ ಅವರ ಕಾಲಿಗೆ ಬೀಳಬೇಕೆನ್ನಿಸಿತು.

“ಹಾಗಾದ್ರೆ ಮೂರೂವರೆಗೆ ಸಪ್ತಾಹದ ಸಭೆಯಲ್ಲಿ ಮೈಕಿನ ಮುಂದೆ ನಿಂತು ಇಷ್ಟನ್ನೇ ಹೇಳಿಬಿಡು. ಒಂದೇ ಮಾತು. ವೇದಿಕೆಯಿಂದ ನೀನು ಇಳೀತಿದ್ದ ಹಾಗೆ ನಾನು ಸಹಿ ಹಾಕ್ತೀನಿ. ನೀನು ಹಾಯಾಗಿ ಹೋಗಿ ಹಲ್ಲು ಕೀಳಿಸಿಕೋ.”

ಗೋಂದಪ್ಪ ನೆಲಮಾಳಿಗೆಗೆ ಬಂದು ಬಾಗಿಲು ಹಾಕಿಕೊಂಡು, ಬಲ್ಬಿನ ಕೆಳಗೆ ನಿಂತು, ಒಂದೇ ಮಾತನ್ನು ಉರುಹೊಡೆದ. ‘ನನಗೆ ಯಾರೂ ಹೊಡೆದಿಲ್ಲ, ಇದು ಹಲ್ಲು ನೋವು.’ ಮೊದಲ ಹತ್ತು ಸಲ ಚೆನ್ನಾಗಿಯೇ ಬಂತು. ಆಮೇಲೆ ಕೆನ್ನೆ ಊದತೊಡಗಿತು. ಮೂರೂವರೆಗೆ ಬಲಗಡೆಯ ಮುಖ ಹಬೆಯಲ್ಲಿ ಬೆಂದು ಉಬ್ಬಿದ ಹಿಟ್ಟಿನ ಹಾಗಾಗಿ, ಕಣ್ಣು ಅದರೊಳಗೆ ಹೂತುಹೋಯಿತು. ನಾಲಿಗೆ ಹೊರಳಲು ಜಾಗವೇ ಉಳಿಯಲಿಲ್ಲ.

ಸಭಾಂಗಣ ತುಂಬಿ ತುಳುಕುತ್ತಿತ್ತು. ವೇದಿಕೆಯ ಒಂದು ಬದಿಯಲ್ಲಿ ಏಳು ಜನ ದುಭಾಷಿಗಳು ಸಾಲಾಗಿ ನಿಂತಿದ್ದರು. ಯಾರು ಏನೇ ಹೇಳಿದರೂ ಏಳು ಭಾಷೆಗಳಲ್ಲಿ ಹೇಳಿಯೇ ತೀರಬೇಕೆಂಬುದು ಸಪ್ತಾಹದ ನೇಮ. ಭಾಷಣಗಳೆಲ್ಲ ಹೀಗೆ ಏಳೇಳು ಸಲ ನಡೆದು, ಗೋಂದಪ್ಪನ ಸರದಿ ಬಂದಾಗ ಗಡಿಯಾರ ನಾಲ್ಕೂ ಹತ್ತು ತೋರಿಸುತ್ತಿತ್ತು. ಸ್ಕಾರ್ಫಿನ ಹುಡುಗಿ ಅವನನ್ನು ತೋಳು ಹಿಡಿದು ಮೈಕಿನ ಮುಂದೆ ತಂದಳು. ಊದಿದ ಆ ಕೆನ್ನೆ ಕಂಡದ್ದೇ ಸಭೆ ‘ಹಾ’ ಎಂದು ಉಸಿರೆಳೆದುಕೊಂಡಿತು.

“ಇವತ್ತೂ ಹೊಡೆದಿದ್ದಾರೆ!” ಎಂದರು ಯಾರೋ.

ಗೋಂದಪ್ಪ ಮೈಕು ಹಿಡಿದುಕೊಂಡ. “ಅನಗೆ ಆರೂ ಒಡೆ...” ಎನ್ನುವಷ್ಟರಲ್ಲಿ ದವಡೆಯಲ್ಲಿ ಮಿಂಚು ಹೊಡೆದು ಮಾತು ಅಲ್ಲೇ ತುಂಡಾಯಿತು.

“ಆರು ಹೊಡೆದ್ರಂತೆ,” ಎಂದಳು ಹುಡುಗಿ ನಡುಗುವ ದನಿಯಲ್ಲಿ. “ಆರು ಏಟು!”

ಆರು ಏಟು ಏಳು ಭಾಷೆಗಳಲ್ಲಿ ಸಾಲಾಗಿ ಬಿತ್ತು. ಮುಂದಿನ ಸಾಲಿನಲ್ಲಿದ್ದ ರಿಜಿಸ್ಟ್ರಾರ್ ಸಾಹೇಬರು ಎದ್ದುನಿಂತರು. “ಗೋಂದಪ್ಪ, ಗಾಬರಿ ಬೇಡ. ನನ್ನ ಹತ್ರ ಹೇಳಿದ್ದನ್ನೇ ಹೇಳು. ಇಲ್ಲಿ ನಿನಗೆ ಎಲ್ಲಾ ಸರಿಯಾಗಿದೆ, ಅಲ್ವಾ?”

“ಅಲ್ಲು,” ಎಂದ ಗೋಂದಪ್ಪ ಕೆನ್ನೆ ಮುಟ್ಟಿ ತೋರಿಸುತ್ತಾ. “ಅಲ್ಲು ಸಾರ್, ಅಲ್ಲು!”

“ಅಲ್ಲ ಅಂದ್ರು!” ಹುಡುಗಿ ಕೂಗಿದಳು. ಏಳು ದುಭಾಷಿಗಳೂ ಒಬ್ಬರಾದ ಮೇಲೊಬ್ಬರು ‘ಅಲ್ಲ’ ಎಂದರು. ಏಳು ಸಲವೂ ಚಪ್ಪಾಳೆ ಬಿತ್ತು.

ಗೋಂದಪ್ಪ ಕಂಗಾಲಾದ. ಹೊತ್ತು ಮೀರುತ್ತಿದೆ, ಆಸ್ಪತ್ರೆಗೆ ಬಿಡಿ ಎಂದು ಹೇಳಲು ಎದುರು ಗೋಡೆಯ ಗಡಿಯಾರದ ಕಡೆ ಕೈ ನೀಡಿದ. ಇಡೀ ಸಭೆ ಆ ಬೆರಳು ತೋರಿದ ಕಡೆ ತಿರುಗಿತು. ಗಡಿಯಾರದ ನೇರ ಕೆಳಗೆ, ಯಾರ ಕಣ್ಣಿಗೂ ಬೀಳದಿರಲೆಂದು ಹಿಂದಿನ ಗೋಡೆಗೆ ಅಂಟಿಕೊಂಡು, ಗ್ರಂಥಪಾಲಕರು ನಿಂತಿದ್ದರು. ಅಷ್ಟು ದೂರಕ್ಕೂ ಅವರ ಕನ್ನಡಕ ನಡುಗುವುದು ಕಂಡಿತು.

ಆಮೇಲೆ ಎದ್ದ ಗದ್ದಲ ಅಡಗಲು ಐದು ನಿಮಿಷ ಹಿಡಿಯಿತು. ರಿಜಿಸ್ಟ್ರಾರ್ ಸಾಹೇಬರು ಸಭೆಯನ್ನು ಒಮ್ಮೆ ನೋಡಿದರು, ಕೈಯಲ್ಲಿದ್ದ ಫೈಲನ್ನು ಒಮ್ಮೆ ನೋಡಿದರು, ಪೆನ್ನಿನ ಮುಚ್ಚಳ ಹಾಕಿದರು. ಮೈಕಿಗೆ ಬಂದು ಗಂಟಲು ಸರಿಮಾಡಿಕೊಂಡರು.

“ಐದು ಜನರ ವಿಚಾರಣಾ ಸಮಿತಿ ಇವತ್ತೇ ರಚಿಸ್ತೀನಿ. ವರದಿ ಬರೋವರೆಗೆ ಈ ನೊಂದ ಮನುಷ್ಯನ ಮೇಲೆ ಯಾರ ಒತ್ತಡವೂ ಬೀಳಬಾರದು. ಅದಕ್ಕೋಸ್ಕರ ಇವರಿಗೆ ಸಂಬಂಧಪಟ್ಟ ಯಾವ ಕಾಗದವನ್ನೂ ಯಾರೂ ಮುಟ್ಟೋ ಹಾಗಿಲ್ಲ. ನಾನೂ ಮುಟ್ಟಲ್ಲ!”

ಎಲ್ಲರೆದುರೇ ಗೋಂದಪ್ಪನ ಫೈಲನ್ನು ಲಕೋಟೆಗೆ ಹಾಕಿ ಅಂಟಿಸಿದರು. ಸಭೆ ಎದ್ದು ನಿಂತು ಚಪ್ಪಾಳೆ ತಟ್ಟಿತು. ಹುಡುಗಿ ಅವನ ಕೈ ಹಿಡಿದು, “ಗೆದ್ವಿ ಅಣ್ಣ!” ಎಂದಳು.

ಬಾಗಿಲಲ್ಲಿ ಹೆಂಡತಿ ನಿಂತಿದ್ದಳು. ಗೇಟಿನ ಚಿತ್ರ ನೋಡಿ ಬಂದಿದ್ದಳು, ಸಭೆಯನ್ನೂ ನೋಡಿದ್ದಳು. ಸೆರಗಿನಲ್ಲಿ ಕಣ್ಣೊರೆಸಿಕೊಂಡು ಅವನ ಜೊತೆ ಹೆಜ್ಜೆ ಹಾಕಿದಳು.

“ಹದಿನೈದು ದಿನದಿಂದ ಹಲ್ಲು ಹಲ್ಲು ಅಂತ ನನ್ನ ಹತ್ರಾನೂ ಸುಳ್ಳು ಹೇಳಿದ್ರಲ್ಲ,” ಎಂದಳು ಅಂಗಳ ದಾಟುತ್ತಾ. “ಹೊಡೆದ್ರು ಅಂತ ಹೆಂಡತಿ ಹತ್ರ ಹೇಳಿಕೊಂಡ್ರೆ ಏನಾಗ್ತಿತ್ತು?”

“ಅಲ್ಲು ಕಣೇ...”

“ಅಲ್ಲ ಅನ್ನಬೇಡಿ! ನನಗೆಲ್ಲಾ ಗೊತ್ತಾಗಿದೆ.”

ಗೋಂದಪ್ಪ ಬಿರಬಿರನೆ ನಡೆದ. ಸಣ್ಣಗೆ ಹನಿ ಬೀಳತೊಡಗಿತ್ತು. ಕೆಲಸ ಹೋದರೆ ಹೋಗಲಿ, ಮೊದಲು ಈ ಹಲ್ಲೊಂದು ಹೋಗಲಿ ಎಂಬ ಒಂದೇ ಯೋಚನೆ ಅವನ ತಲೆಯಲ್ಲಿ ಉಳಿದಿತ್ತು. ನಾಲ್ಕೂವರೆಗೆ ಇನ್ನೂ ಎರಡು ನಿಮಿಷ ಇದ್ದಾಗ ಅವರು ದಂತ ಆಸ್ಪತ್ರೆಯ ಮೆಟ್ಟಿಲು ಹತ್ತಿದರು.

ಬಾಗಿಲಿಗೆ ಬೀಗ ಬಿದ್ದಿತ್ತು. ಮುಂದೆ ಒಂದು ಮೇಜು, ಮೇಜಿನ ಮೇಲೊಂದು ದಪ್ಪ ಪುಸ್ತಕ, ಹಿಂದೆ ಬಿಳಿ ಕೋಟಿನ ಎಳೆಯ ಡಾಕ್ಟರಮ್ಮ. ಗೋಡೆಯ ಮೇಲೆ ಗೋಂದಪ್ಪನ ಅದೇ ಚಿತ್ರ.

“ಇವತ್ತು ಚಿಕಿತ್ಸೆ ಇಲ್ಲ ಅಂಕಲ್,” ಎಂದಳು ಡಾಕ್ಟರಮ್ಮ. “ಮಧ್ಯಾಹ್ನದಿಂದ ಎಲ್ಲಾ ಡಾಕ್ಟರುಗಳೂ ಕೆಲಸ ನಿಲ್ಲಿಸಿದ್ದೀವಿ. ಗ್ರಂಥಾಲಯದಲ್ಲಿ ಒಬ್ಬರಿಗೆ ಘೋರ ಅನ್ಯಾಯ ಆಗಿದೆ. ಅವರಿಗೆ ನ್ಯಾಯ ಸಿಗೋವರೆಗೆ ಈ ಬಾಗಿಲು ತೆಗೆಯಲ್ಲ.”

ಹೆಂಡತಿ ಮುಂದೆ ನುಗ್ಗಿದಳು. “ಅಯ್ಯೋ ತಾಯಿ, ಅವರು ಇವರೇ!”

ಡಾಕ್ಟರಮ್ಮ ಚಿತ್ರ ನೋಡಿದಳು, ಒಂದು ಕಡೆ ಕುಂಬಳಕಾಯಿಯಾಗಿದ್ದ ಗೋಂದಪ್ಪನ ಮುಖ ನೋಡಿದಳು. ಅವಳ ಮುಖದಲ್ಲಿ ಗೌರವ ಮೂಡಿತು. ಕೋಟಿಗೆ ಚುಚ್ಚಿಕೊಂಡಿದ್ದ ದುಂಡನೆಯ ಬಿಲ್ಲೆಯನ್ನು ಮುಂದೆ ಮಾಡಿ ತೋರಿಸಿದಳು. ಅದರ ಮೇಲೆ ‘ಅವರು ನಾನೇ’ ಎಂದು ಬರೆದಿತ್ತು.

“ಹೌದು ಆಂಟಿ. ಇವರೂ ಅವರೇ, ನಾನೂ ಅವರೇ. ಇವತ್ತು ನಾವೆಲ್ಲರೂ ಅವರೇ.”

“ಹಾಗಲ್ಲಮ್ಮ, ನಿಜವಾಗ್ಲೂ ಇವರೇ!”

“ನಾನೂ ನಿಜವಾಗ್ಲೇ ಹೇಳ್ತಿರೋದು ಆಂಟಿ.”

“ಮತ್ತೆ ಯಾವಾಗ ತೆಗೀತೀರಿ ಬಾಗಿಲು?”

“ಅವರು ಬಾಯಿ ಬಿಟ್ಟ ತಕ್ಷಣ.”

ಗೋಂದಪ್ಪ ಮಫ್ಲರ್ ಬಿಚ್ಚಿ, ಮೇಜಿನ ಮೇಲೆ ಬಗ್ಗಿ, ಊದಿದ ಕೆನ್ನೆ ಎಷ್ಟು ಬಿಡುತ್ತದೋ ಅಷ್ಟೂ ಬಾಯಿ ಬಿಟ್ಟ.

ಡಾಕ್ಟರಮ್ಮನ ಕೈ ತಾನಾಗಿಯೇ ಜೇಬಿನಿಂದ ಟಾರ್ಚು ತೆಗೆಯಿತು. ಇಣುಕಿ ನೋಡಿದಳು. ಹೆಂಡತಿಯೂ ಪಕ್ಕದಿಂದ ಇಣುಕಿದಳು.

“ಛೇ ಛೇ, ಬುಡದಲ್ಲೆಲ್ಲಾ ಕೀವು. ಇವತ್ತೇ ಕೀಳಬೇಕಾದ ಹಲ್ಲು ಇದು,” ಎಂದಳು ಡಾಕ್ಟರಮ್ಮ.

“ಅಯ್ಯೋ, ನಿಜವಾಗ್ಲೂ ಹಲ್ಲೇ ಕಣ್ರೀ!” ಎಂದಳು ಹೆಂಡತಿ.

ಟಾರ್ಚು ಆರಿತು. ಡಾಕ್ಟರಮ್ಮ ದಪ್ಪ ಪುಸ್ತಕವನ್ನು ಅವನ ಕಡೆ ತಿರುಗಿಸಿ, ಪೆನ್ನು ಕೊಟ್ಟು, ಗೋಡೆಯ ಚಿತ್ರದ ಕಡೆ ನೋಡಿ ನಿಟ್ಟುಸಿರುಬಿಟ್ಟಳು.

“ಒಂದಷ್ಟು ದಿನ ಸಹಿಸಿಕೊಳ್ಳಿ ಅಂಕಲ್. ಪಾಪ, ಅವರ ನೋವಿನ ಮುಂದೆ ನಿಮ್ಮ ಹಲ್ಲು ಯಾವ ಲೆಕ್ಕ? ಇಲ್ಲಿ, ಅವರಿಗೋಸ್ಕರ ಒಂದು ಸಹಿ ಹಾಕಿ.”

ಗೋಂದಪ್ಪ ಸಹಿ ಹಾಕಿದ.